ಲೋಕಾಯುಕ್ತರ ಕೈ ಕಟ್ಟಿದ್ದು ಒಂದು ಆದೇಶ

ಗುಂಪು: ಹೊಳೆಬದಿ ಮನೆಯವರು

ಶಿರಸಿ ಮಾವ: (ಸುದ್ದಿಯ ಕೊಂಡಿ) ಎಲ್ಲರೂ ಓದಿ. 2025ರ ಜನವರಿಯಲ್ಲಿ ಟ್ರಂಪ್ ಒಂದೇ ರಾತ್ರಿ ಸುಮಾರು 17 ಇನ್‌ಸ್ಪೆಕ್ಟರ್ ಜನರಲ್‌ಗಳನ್ನ, ಅಂದ್ರೆ ಅಮೆರಿಕದ ಸರ್ಕಾರಿ ಇಲಾಖೆಗಳ ಒಳಗಿನ ಅವ್ಯವಹಾರ ಹಿಡಿಯುವ ಅಧಿಕಾರಿಗಳನ್ನ, ಮನೆಗೆ ಕಳಿಸಿದ. 30 ದಿನ ಮೊದಲೇ ಸಂಸತ್ತಿಗೆ ಕಾರಣ ಕೊಡಬೇಕು ಅಂತ ಕಾನೂನೇ ಇತ್ತು. ಅದನ್ನ ಮುರಿದಿದ್ದಾರೆ ಅಂತ ಸೆಪ್ಟೆಂಬರ್‌ನಲ್ಲಿ ಕೋರ್ಟು ಹೇಳ್ತು, ಆದ್ರೆ ಕೆಲಸ ವಾಪಸ್ ಕೊಡಿಸಲಿಲ್ಲ. ಕಾನೂನು ಕಟ್ಟಿಕೊಂಡು ಎಂತ ಮಾಡೋದು? ಮನುಷ್ಯ ಗಟ್ಟಿ ಇರಬೇಕು, ನಮ್ಮ ಲೋಕಾಯುಕ್ತರಾಗಿದ್ದ ಸಂತೋಷ ಹೆಗ್ಡೆಯವರ ಹಾಗೆ.

ಅಂಕೋಲಾ ಅಣ್ಣ: ಅವರ ಹೆಸರು ತೆಗೆದ್ರೆ ನಮ್ಮ ಬೇಲೆಕೇರಿ ಬಂದೇ ಬರ್ತದೆ. ಜಪ್ತಿ ಮಾಡಿಟ್ಟ ಅದಿರು ಲಕ್ಷಾಂತರ ಟನ್, ಬಂದರಿನಿಂದಲೇ ಮಾಯ!

ನಾನು: ಮಾವ, ಅದೇ ಹೆಗ್ಡೆಯವರು 2010ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟದ್ದು ಎಂತಕ್ಕೆ? ಬೇಲೆಕೇರಿ ಅದಿರು ಹಿಡಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರನ್ನ ಸರ್ಕಾರ ಅಮಾನತು ಮಾಡಹೊರಟಿತ್ತು. ಲೋಕಾಯುಕ್ತರನ್ನ ಮುಟ್ಟಲಿಕ್ಕೆ ಬರೋದಿಲ್ಲ, ಕೆಳಗಿನವರನ್ನ ಮುಟ್ಟಬಹುದು. ಅಷ್ಟು ಗಟ್ಟಿ ಮನುಷ್ಯರೂ ರಾಜೀನಾಮೆಗೆ ಕೈಹಾಕಬೇಕಾಯ್ತು. ಅದಕ್ಕೇ ಕಾನೂನಿನ ರಕ್ಷಣೆ ಬೇಕು ಅನ್ನೋದು ನಾನು.

ಶಿರಸಿ ಮಾವ: ಅದನ್ನ ವಾಪಸ್ ಪಡೆದು, 2011ರ ಜುಲೈನಲ್ಲಿ ಗಣಿ ವರದಿ ಕೊಟ್ಟೇ ಹೋದ್ರು. ಮುಖ್ಯಮಂತ್ರಿ ಕುರ್ಚಿಯೇ ಹೋಯ್ತು. ಕಾಯ್ದೆ ಅದೇ 1984ರದ್ದು, ಮನುಷ್ಯ ಬೇರೆ.

ಕುಮಟಾ ಅತ್ತೆ: ಮುಂದಿನದನ್ನೂ ಹೇಳಿ. 2015ರಲ್ಲಿ ಆಗಿನ ಲೋಕಾಯುಕ್ತರ ಮಗನೇ ಸುಲಿಗೆ ಆರೋಪದಲ್ಲಿ ಬಂಧನ ಆದ. ತಂದೆ ಕುರ್ಚಿ ಬಿಟ್ಟದ್ದು ಡಿಸೆಂಬರ್‌ನಲ್ಲಿ. ಎರಡೂ ಸದನ ಒಪ್ಪದೆ ತೆಗೆಯಲಿಕ್ಕೆ ಬರೋದಿಲ್ಲವಂತೆ. ನೀ ಹೇಳುವ ರಕ್ಷಣೆ ಇದೇ ಅಲ್ವಾ ತಂಗಿ?

ನಾನು: ಅತ್ತೆ, ತಡವಾದದ್ದು ತಪ್ಪೇ. ಆದ್ರೂ ವಿಶೇಷ ತನಿಖಾ ತಂಡ ಮಗನನ್ನ ಹಿಡಿಯಿತು, ತಂದೆ ಹೋದರು. ಆಮೇಲಿನದು ನನಗೆ ಇವತ್ತಿಗೂ ಸಿಟ್ಟು ಬರಿಸ್ತದೆ. ಒಳ್ಳೆಯ ಲೋಕಾಯುಕ್ತರನ್ನ ತಂದು ಸಂಸ್ಥೆ ಗಟ್ಟಿ ಮಾಡೋದು ಬಿಟ್ಟು, 2016ರ ಮಾರ್ಚ್ 14ಕ್ಕೆ ಸರ್ಕಾರ ಒಂದು ಆದೇಶ ಹೊರಡಿಸಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಹುಟ್ಟುಹಾಕಿತು. ಲಂಚದ ಕೇಸು ದಾಖಲಿಸುವ ಅಧಿಕಾರ ಲೋಕಾಯುಕ್ತ ಪೊಲೀಸರ ಕೈತಪ್ಪಿತು. ಎಸಿಬಿ ಯಾರ ಕೈಕೆಳಗೆ? ಮುಖ್ಯಮಂತ್ರಿಗಳ ಕೈಕೆಳಗೆ! ಲೋಕಾಯುಕ್ತರ ಕುರ್ಚಿ ಇತ್ತು, ಕಚೇರಿ ಇತ್ತು, ಕಾಯ್ದೆಯೂ ಇತ್ತು. ಹಲ್ಲು ಕಿತ್ತ ಹಾವು. ಇದಕ್ಕೆ ವಿಧಾನಸಭೆಯಲ್ಲಿ ಮತ ಹಾಕಿಸುವ ಅಗತ್ಯವೇ ಬೀಳಲಿಲ್ಲ, ಯಾಕಂದ್ರೆ ಪೊಲೀಸರ ಆ ಅಧಿಕಾರ ಬಂದದ್ದೇ ಸರ್ಕಾರದ ಅಧಿಸೂಚನೆಯಿಂದ. ಕೊಟ್ಟವರೇ ಕಿತ್ತುಕೊಂಡರು. ಹೈಕೋರ್ಟ್ ಎಸಿಬಿ ರದ್ದು ಮಾಡಿದ್ದು 2022ರ ಆಗಸ್ಟ್ 11ಕ್ಕೆ. ನಡುವೆ ಆರು ವರ್ಷ ಹೋಯ್ತು.

ಅಂಕೋಲಾ ಅಣ್ಣ: ಈಗ ಅಧಿಕಾರ ವಾಪಸ್ ಬಂತಲ್ಲ. ಮತ್ತೆಂತ ತಕರಾರು?

ನಾನು: ಅಣ್ಣ, ಲೋಕಾಯುಕ್ತಕ್ಕೆ ಬರುವ ಪೊಲೀಸರು ಸರ್ಕಾರದಿಂದ ಎರವಲು ಬಂದವರು, ವಾಪಸ್ ಹೋಗೋದೂ ಅಲ್ಲಿಗೇ. ಮುಂದಿನ ಪೋಸ್ಟಿಂಗ್ ಬರೆಯುವವರ ಮನೆ ಬಾಗಿಲಿಗೆ ದಾಳಿಗೆ ಹೋಗು ಅಂದ್ರೆ ಯಾರು ಹೋಗ್ತಾರೆ? ತನಿಖೆಯ ಅಧಿಕಾರ ಕಾಯ್ದೆಯಲ್ಲೇ ಇರಲಿ. ಲೋಕಾಯುಕ್ತರ ಲಿಖಿತ ಒಪ್ಪಿಗೆ ಇಲ್ಲದೆ ಅವಧಿಗೆ ಮುಂಚೆ ವರ್ಗಾವಣೆ ಬೇಡ. ಮಾವ, ಅಮೆರಿಕದ ಸುದ್ದಿಗೂ ನನ್ನ ಉತ್ತರ ಅದೇ: ನಿಯಮ ಮುರಿದು ತೆಗೆದರೆ ಆ ಆದೇಶವೇ ಅಸಿಂಧು, ಅಧಿಕಾರಿ ಕೆಲಸದಲ್ಲೇ ಇರ್ತಾರೆ ಅಂತ ಕಾನೂನು ಬಾಯಿಬಿಟ್ಟು ಹೇಳಬೇಕು.

ಕುಮಟಾ ಅತ್ತೆ: ಹಾಗಾದ್ರೆ ಇದನ್ನೂ ಸೇರಿಸು. ಲೋಕಾಯುಕ್ತರ ಮನೆಯವರ ಮೇಲೆ ಕೇಸಾದ್ರೆ, ಅದು ಮುಗಿಯುವ ತನಕ ಅವರು ದೂರ ನಿಲ್ಲಬೇಕು.

ನಾನು: ಸೇರಿಸ್ತೇನೆ ಅತ್ತೆ. ಆದರೆ ದೂರ ನಿಲ್ಲಿ ಅಂತ ಹೇಳುವವರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಆಗಿರಬೇಕು, ಸರ್ಕಾರ ಅಲ್ಲ. ಇಲ್ಲದಿದ್ರೆ ಒಂದು ಸುಳ್ಳು ಎಫ್‌ಐಆರ್ ಸಾಕು.

ಶಿರಸಿ ಮಾವ: ವರ್ಗಾವಣೆ ವಿಷಯ ಒಪ್ಪಿದೆ. ಎಲ್ಲವನ್ನೂ ಕೋರ್ಟಿಗೆ ಒಪ್ಪಿಸೋದು ನನಗೆ ಹಿಡಿಸೋದಿಲ್ಲ, ಸದನ ಮತ್ತೆಂತಕ್ಕೆ ಇರೋದು? ಶಾಸಕರಿಗೆ ಮನವಿ ಬರಿ, ಆ ಸಾಲು ಬಿಟ್ಟರೆ ನನ್ನ ಸಹಿ ಇದೆ.

ನಾನು: ಆ ಸಾಲು ಬಿಡೋದಿಲ್ಲ ಮಾವ. ರಾತ್ರಿ ಕರಡು ಹಾಕ್ತೇನೆ, ಅದರ ಮೇಲೆ ಜಗಳ ಆಡುವಾ.