ಅಪ್‌ಡೇಟ್: ಬಿಡದ ಬ್ರೇಕ್, ಸೋರುವ ಮುಂದಿನ ಆಕ್ಸಲ್

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಹಳೇ ಫೋರ್ ವೀಲ್ ಡ್ರೈವ್ ಗಾಡಿ, ಮುಂದಿನ ಎಡ ಚಕ್ರದ ಹತ್ತಿರ ಎಣ್ಣೆ ಸೋರುತ್ತೆ, ಬ್ರೇಕ್ ಬಿಟ್ಟರೂ ಅಲ್ಲಿನ ಡಿಸ್ಕ್ ಹಿಡಿದುಕೊಂಡೇ ಇರುತ್ತೆ, ಸ್ಟೀರಿಂಗ್ ನಡುಗುತ್ತೆ ಅಂತ. ಮೂರೂ ಸರಿಹೋದವು.

ಸುಮಾರು ಜನ ಬ್ರೇಕ್ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಪಿಸ್ಟನ್ ಜಾಮ್ ಆಗಿದೆ ಅಂದಿರಿ. ಬಿಚ್ಚಿ, ತೊಳೆದು, ಹೊಸ ಸೀಲ್ ಹಾಕಿದೆ. ಪ್ರಯೋಜನ ಆಗಲಿಲ್ಲ. ಎಣ್ಣೆ ಕುಡಿದ ಪ್ಯಾಡ್ ಬದಲಿಸಿದರೂ ಅದೇ ಕಥೆ. ಕೊನೆಗೆ ಒಬ್ಬರು ಹೇಳಿದ ಹಾಗೆ, ಚಕ್ರ ಹಿಡಿದುಕೊಂಡಿದ್ದಾಗಲೇ ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್ (ಬ್ರೇಕ್ ಫ್ಲೂಯಿಡ್ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿದೆ. ಚಿರ್ ಅಂತ ಫ್ಲೂಯಿಡ್ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು! ಅಂದರೆ ಪಿಸ್ಟನ್ ಚೆನ್ನಾಗೇ ಇದೆ, ಪ್ರೆಷರ್ ವಾಪಸ್ ಹೋಗುತ್ತಿಲ್ಲ ಅಷ್ಟೆ. ಕ್ಯಾಲಿಪರ್‌ಗೆ ಫ್ಲೂಯಿಡ್ ಒಯ್ಯುವ ರಬ್ಬರ್ ಪೈಪು, ಅಂದರೆ ಬ್ರೇಕ್ ಹೋಸ್, ಹೊರಗಿಂದ ಚೆನ್ನಾಗಿತ್ತು. ಕತ್ತರಿಸಿ ನೋಡಿದರೆ ಒಳಗಿನ ರಬ್ಬರ್ ಊದಿಕೊಂಡು ಸೂಜಿ ತೂರುವಷ್ಟೇ ಜಾಗ. ಎರಡೂ ಕಡೆ ಹೊಸದು ಹಾಕಿದೆ.

ಸ್ಟೀರಿಂಗ್ ನಡುಕಕ್ಕೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡ-ಬಲ ತಿರುಗುವ ಕೀಲು) ಬೇರಿಂಗ್ ಹಾಕಿ, ಸ್ಪ್ರಿಂಗ್ ತಕ್ಕಡಿಯಲ್ಲಿ ನಕಲ್ (ಚಕ್ರ ಹೊತ್ತು ಆ ಕೀಲಿನ ಮೇಲೆ ತಿರುಗುವ ಭಾಗ) ಎಳೆದು ಬಿಗಿ ನೋಡಿಕೊಂಡು ಶಿಮ್ (ತೆಳು ಲೋಹದ ಬಿಲ್ಲೆ) ಕೂರಿಸಿದೆ. ನಡುಕ ಹೋಯಿತು.

ಸೋರಿಕೆ ಮಾತ್ರ ಸತಾಯಿಸಿತು. ಆಕ್ಸಲ್ ಒಳಗಿನ ಸೀಲ್ ಹೊಸದು, ಎರಡೇ ದಿನಕ್ಕೆ ಮತ್ತೆ ಒದ್ದೆ. ನೋಡಿದರೆ ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಸಣ್ಣ ಕಿಂಡಿ) ಕೆಸರು ಕಟ್ಟಿ ಮುಚ್ಚಿಹೋಗಿತ್ತು. ಗಾಡಿ ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಸೀಲ್ ಆಚೆಗೆ ತಳ್ಳುತ್ತಿತ್ತು. ಇದನ್ನು ನೀವ್ಯಾರೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ ಬಿಡಿ. ಬ್ರೀದರ್‌ನ ಕೆಸರು ಬಿಡಿಸಿದ ಮೇಲೆ ನಕಲ್ ಒಣಗೇ ಇದೆ.