ಸಹಾಯ ಬೇಕು: ಹುಬ್ಬಳ್ಳಿಯಿಂದ ಸೈಕಲ್‌ನಲ್ಲಿ ದೇವಿಮನೆ ಘಾಟ್ ಹತ್ತೋದಾ, ಅರಬೈಲಾ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ರೋಡ್ ಸೈಕಲ್‌ನಲ್ಲಿ 2 ದಿನದ ಒಂದು ಸುತ್ತು ಹಾಕುವ ಯೋಚನೆ ಇದೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಅಂಕೋಲಾ, ರಾತ್ರಿ ಕುಮಟಾದಲ್ಲಿ ಉಳಿದು ಮರುದಿನ ದೇವಿಮನೆ ಘಾಟ್ ಹತ್ತಿ ಶಿರಸಿ, ಮುಂಡಗೋಡ ಮೇಲೆ ವಾಪಸ್. ಒಟ್ಟು 300 ಕಿ.ಮೀ. ಮೇಲೆಯೇ ಆಗುತ್ತದೆ.

ತಲೆಬಿಸಿ ಆಗಿರೋದು ದಿಕ್ಕಿನ ವಿಷಯಕ್ಕೆ. ಅರಬೈಲ್‌ನಲ್ಲಿ ಲಾರಿ ಜಾಸ್ತಿ, ತಿರುವುಗಳಲ್ಲಿ ಅವು ಉಸಿರು ಬಿಡುತ್ತಾ ಹತ್ತುವಾಗ ಪಕ್ಕದಲ್ಲಿ ನಾನೂ ಹತ್ತೋದು ಬೇಡ ಅನ್ನಿಸಿ ಇಳಿಯೋಕೆ ಇಟ್ಟುಕೊಂಡೆ. ಆದರೆ ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಕು, ನನ್ನದು ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಬೇರೆ. ದೇವಿಮನೆ ಕಡೆ ಕಾಡು ಚೆನ್ನಾಗಿದೆ, ನೆರಳೂ ಇದೆ, ಆದರೆ ಕುಮಟಾ ಸಮುದ್ರದ ಮಟ್ಟ, ಶಿರಸಿ ಸುಮಾರು 590 ಮೀಟರ್ ಎತ್ತರ. ಮೊದಲ ದಿನದ ಸುಸ್ತಿನ ಮೇಲೆ ಇದು!

ಗೇರ್ ಹಲ್ಲುಗಳ ಲೆಕ್ಕದಲ್ಲಿ ಮುಂದೆ 50/34, ಹಿಂದೆ 11ರಿಂದ 28. ಇಲ್ಲೇ ಹುಬ್ಬಳ್ಳಿಯ ನೃಪತುಂಗ ಬೆಟ್ಟದಲ್ಲಿ ಹತ್ತಿಳಿದು ನೋಡಿದೆ, ಅದು ಶುರುವಾಗೋದರೊಳಗೆ ಮುಗಿಯುತ್ತದೆ, ಏನೂ ಗೊತ್ತಾಗಲ್ಲ. ಮ್ಯಾಪ್ ಎತ್ತರ ತೋರಿಸುತ್ತೆ, ಡಾಂಬರು ಹೇಗಿದೆ ಅಂತ ಹೇಳಲ್ವಲ್ಲ. ಹಿಂದೆ 32 ಹಲ್ಲಿನದು ಹಾಕೋಣ ಅಂದರೆ ಡಿರೇಲರ್ (ಚೈನ್ ಗೇರ್ ಬದಲಿಸುವ ಭಾಗ) ಕೇಜ್ ಗಿಡ್ಡದು, ಅದನ್ನೂ ಬದಲಿಸಬೇಕಾಗುತ್ತದೆ, ಸುಮ್ನೆ ಖರ್ಚು.

ಈ ಕಡೆ ಸೈಕಲ್ ಹೊಡೆದವರು ಹೇಳ್ರಿ: ದೇವಿಮನೆ ಹತ್ತೋದು ಸರಿಯಾ, ಅಥವಾ ತಿರುಗಿಸಿ ಅರಬೈಲ್ ಹತ್ತಲಾ? ನನ್ನ ಅತಿ ಹಗುರ ಗೇರ್ 34-28ರಲ್ಲಿ ಆಗುತ್ತಾ? ದೇವಿಮನೆ ರಸ್ತೆ ಈಗ 25 ಎಂಎಂ ಟೈರ್‌ಗೆ ನಡೆಯುತ್ತಾ?