ಅಜ್ಜಿ-ತಾತನ ಜೊತೆ ನ್ಯೂಯಾರ್ಕ್, ವಾಷಿಂಗ್ಟನ್: ಗೈಡ್ ಕೆಲಸ ಮಕ್ಕಳಿಗೆ ಬಿಡಿ

ಬೇಸಿಗೆ ಹತ್ತಿರ ಬಂದ ಹಾಗೆ ಅಮೆರಿಕದಲ್ಲಿರುವ ಕನ್ನಡಿಗರ ಈ ಗುಂಪಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಮಕ್ಕಳಿಗೂ ರಜೆ, ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಎರಡನ್ನೂ ಒಂದೇ ಸಲ ತೋರಿಸಬಹುದಾ? ಹೋಟೆಲ್, ಪಾಸ್, ಪಾರ್ಕಿಂಗ್ ಬಗ್ಗೆ ಬೇರೆಯವರು ಆಗಲೇ ಚೆನ್ನಾಗಿ ಬರೆದಿದ್ದಾರೆ. ಇದೇ ಗುಂಪಿನಲ್ಲಿ ವರ್ಷವಿಡೀ ಓಡುವ ಇನ್ನೊಂದು ಪ್ರಶ್ನೆ ಇದೆಯಲ್ಲ, ಮಕ್ಕಳಿಗೆ ಕನ್ನಡ ಅರ್ಥ ಆಗುತ್ತೆ, ಆದರೆ ಬಾಯಿ ಬಿಡಲ್ಲ ಅಂತ? ನನ್ನ ಅನುಭವದಲ್ಲಿ ಎರಡಕ್ಕೂ ಒಂದೇ ಉತ್ತರ. ಪ್ರವಾಸದಲ್ಲಿ ಗೈಡ್ ಕೆಲಸವನ್ನು ಮಕ್ಕಳಿಗೆ ಕೊಟ್ಟು, ಅಪ್ಪ ಅಮ್ಮ ಸುಮ್ನೆ ಹಿಂದೆ ನಡೆಯಬೇಕು.

ನಾವು ಅತ್ತೆ ಮಾವನ ಜೊತೆ ಹೋಗಿದ್ದು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಮಾವನಿಗೆ ಓದಿದರೆ ಅರ್ಥವಾಗುತ್ತದೆ, ಇಲ್ಲಿಯವರು ಮಾತಾಡಿದರೆ ಹಿಡಿಯಲು ಕಷ್ಟ. ಮಗನಿಗೆ ಹನ್ನೊಂದು, ಮಗಳಿಗೆ ಏಳು. ಹೊರಡುವ ಮೊದಲೇ ಜಾಗಗಳನ್ನು ಇಬ್ಬರಿಗೂ ಹಂಚಿಬಿಟ್ಟೆವು. ಲೈಬ್ರರಿಯಿಂದ ಪುಸ್ತಕ ತಂದು ಓದಿಕೊಂಡರು. ಅಲ್ಲಿ ಹೋದ ಮೇಲೆ ಬೋರ್ಡ್ ಓದಿ ಅಜ್ಜಿ ತಾತನಿಗೆ ಕನ್ನಡದಲ್ಲಿ ಹೇಳುವುದು ಅವರ ಕೆಲಸ. ನಾವಿಬ್ಬರೂ ನಡುವೆ ಬಾಯಿ ಹಾಕುವಂತಿಲ್ಲ, ತಪ್ಪು ತಿದ್ದುವಂತಿಲ್ಲ. ನನ್ನ ಗಂಡನಿಗೆ ಈ ಎರಡನೇ ನಿಯಮ ಪಾಲಿಸುವುದು ಬಹಳ ಕಷ್ಟವಾಯಿತು!

ಮೊದಲು ಯಾವ ಊರು ಅಂತ ಕೇಳಿದವರಿಗೆ: ನ್ಯೂಯಾರ್ಕ್ ಮೊದಲು ಮುಗಿಸಿ. ಕಾಲಲ್ಲಿ ಶಕ್ತಿ ಇರುವಾಗಲೇ ನೋಡಬೇಕಾದ ಊರು ಅದು. ಅಲ್ಲಿನ ಸಬ್‌ವೇ, ಅಂದರೆ ನೆಲದಡಿಯ ರೈಲು, 1904ರಿಂದ ಓಡುತ್ತಿದೆ, 472 ಸ್ಟೇಷನ್ ಇವೆ, ಆದರೆ ಬಹುಪಾಲು ಕಡೆ ಲಿಫ್ಟ್ ಇಲ್ಲ. ಮಂಡಿ ನೋವಿರುವವರಿಗೆ ಆ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಅರ್ಧ ದಿನದ ಉತ್ಸಾಹ ಹೋಗುತ್ತದೆ. ಹಿರಿಯರಿದ್ದರೆ ಬಸ್ ಹತ್ತಿ. ನಿಧಾನ, ನಿಜ. ಆದರೆ ಐದನೇ ಅವೆನ್ಯೂನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಅರ್ಧ ಮ್ಯಾನ್‌ಹ್ಯಾಟನ್ ಕೂತಲ್ಲೇ ಕಾಣುತ್ತದೆ. ಸಬ್‌ವೇಗೂ ಬಸ್ಸಿಗೂ ಒಂದೇ ಕಾರ್ಡ್ ಮುಟ್ಟಿಸಿದರೆ ಸಾಕು. 44 ಇಂಚಿಗಿಂತ ಗಿಡ್ಡ ಇರುವ ಮಕ್ಕಳಿಗೆ ಟಿಕೆಟ್ ಇಲ್ಲ. ವಾಷಿಂಗ್ಟನ್ ಮೆಟ್ರೋ 1976ರಲ್ಲಿ ಶುರುವಾಗಿದ್ದು, ಎಲ್ಲ ಸ್ಟೇಷನ್‌ಗಳಲ್ಲೂ ಲಿಫ್ಟ್ ಇದೆ. ದಣಿದ ಕಾಲಿಗೆ ಆ ಊರು ಎರಡನೆಯದಾಗಿ ಬಂದರೆ ಒಳ್ಳೆಯದು.

ಉಳಿದುಕೊಳ್ಳಲು ಮ್ಯಾನ್‌ಹ್ಯಾಟನ್‌ನಲ್ಲೇ ಇರಬೇಕೆಂದೇನಿಲ್ಲ. ನದಿ ದಾಟಿದರೆ ಜರ್ಸಿ ಸಿಟಿ. ಪಾತ್ ರೈಲು ಹತ್ತಿದರೆ ಸೀದಾ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಇಳಿಸುತ್ತದೆ. ಜರ್ನಲ್ ಸ್ಕ್ವೇರ್ ಪಕ್ಕದ ನೂವಾರ್ಕ್ ಅವೆನ್ಯೂನಲ್ಲಿ ನಮ್ಮವರ ಅಂಗಡಿಗಳ ಸಾಲೇ ಇದೆ, ರಾತ್ರಿ ಊಟದ ಚಿಂತೆ ಇರುವುದಿಲ್ಲ. ಅಡುಗೆಮನೆ ಇರುವ ರೂಮೇ ಹಿಡಿಯಿರಿ. ಬೆಳಿಗ್ಗೆ ಅವಲಕ್ಕಿ ಒಗ್ಗರಣೆ ತಿಂದು, ಡಬ್ಬಿಯಲ್ಲಿ ಮೊಸರನ್ನ ಹಾಕಿಕೊಂಡು ಹೊರಟರೆ ಮಧ್ಯಾಹ್ನ ಯಾರ ಮುಖವೂ ಬಾಡುವುದಿಲ್ಲ.

ಲಿಬರ್ಟಿ ಪ್ರತಿಮೆ ಮಗನ ಪಾಲಿಗೆ ಬಂದಿತ್ತು. ದೋಣಿಯಲ್ಲಿ ಹೋಗುವಾಗಲೇ ಶುರು ಮಾಡಿದ. ಫ್ರಾನ್ಸ್‌ನವರು ಕೊಟ್ಟ ಉಡುಗೊರೆ, 1886ರಲ್ಲಿ ನಿಲ್ಲಿಸಿದ್ದು, ಒಳಗಿನ ಕಬ್ಬಿಣದ ಚೌಕಟ್ಟು ಮಾಡಿದ್ದು ಪ್ಯಾರಿಸ್ ಗೋಪುರದ ಐಫೆಲ್. ಅತ್ತೆ ಹೂಂಗುಟ್ಟುತ್ತಿದ್ದರು ಅಷ್ಟೇ. "ಅಜ್ಜಿ, ಇದು ಫುಲ್ ಕಾಪರ್. ನಿಮ್ಮ ಹಂಡೆ ಥರ" ಅಂದ ನೋಡಿ, ಅತ್ತೆಯ ಕಿವಿ ನೆಟ್ಟಗಾಯಿತು.

"ತಾಮ್ರನಾ? ಮತ್ತೆ ಹಸಿರು ಯಾಕೋ ಇದೆ?"

"ಮಳೆ, ಗಾಳಿ, ಉಪ್ಪು ನೀರು. ಮೊದಲು ಬ್ರೌನ್ ಇತ್ತಂತೆ."

"ಕಿಲುಬು ಹಿಡಿದಿದೆ ಅನ್ನು. ಇಷ್ಟು ದುಡ್ಡಿರೋ ದೇಶ, ಹುಣಸೆಹಣ್ಣು ಹಚ್ಚಿ ತಿಕ್ಕಿಸಬಾರದಾ?"

ಪಕ್ಕದಲ್ಲಿದ್ದ ಹೈದರಾಬಾದಿನ ಕುಟುಂಬಕ್ಕೆ ಎಷ್ಟು ಅರ್ಥವಾಯಿತೋ, ಅವರೂ ನಕ್ಕರು. ಮಗ ಮಾತ್ರ ಗಂಭೀರವಾಗಿ ಉತ್ತರ ಹುಡುಕಿದ. ಆ ಹಸಿರು ಪದರವೇ ಕೆಳಗಿನ ತಾಮ್ರವನ್ನು ಕಾಯುತ್ತದೆ. ತಗಡು ಬರೀ 2.4 ಮಿಲಿಮೀಟರ್ ದಪ್ಪ, ತಿಕ್ಕುತ್ತಾ ಹೋದರೆ ಸವೆಯುತ್ತದೆ. 1906ರಲ್ಲಿ ಬಣ್ಣ ಬಳಿಯುವ ಮಾತು ಬಂದಾಗ ಜನ ಬೇಡ ಅಂದರಂತೆ. ಇದನ್ನೆಲ್ಲ ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಮಿಕ್ಕಿದ್ದು ಕೈಸನ್ನೆಯಲ್ಲಿ ಹೇಳಿದ. ಅತ್ತೆಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಿಲುಬು ಕಾಯುತ್ತದೆ ಅನ್ನುವುದನ್ನು ಜೀವಮಾನವಿಡೀ ತಾಮ್ರ ಬೆಳಗಿದವರು ನಂಬುವುದು ಹೇಗೆ? ವಾದ ದೋಣಿ ಇಳಿದ ಮೇಲೂ ಮುಂದುವರಿಯಿತು. ಮನೆಯಲ್ಲಿ "ಅಜ್ಜಿ ಜೊತೆ ಎರಡು ಮಾತಾಡೋ" ಅಂತ ಗೋಗರೆದರೂ "ಊಟ ಆಯ್ತು, ಹೋಮ್‌ವರ್ಕ್ ಆಯ್ತು" ದಾಟದ ಹುಡುಗ ಅವನು.

ಅದೇ ಟಿಕೆಟ್‌ನಲ್ಲಿ ಎಲ್ಲಿಸ್ ದ್ವೀಪವೂ ಸೇರಿದೆ, ಬಿಡಬೇಡಿ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಅಲ್ಲಿ ಇಳಿದು, ಡಾಕ್ಟರ್ ತಪಾಸಣೆ ಮುಗಿಸಿ ಈ ದೇಶದ ಒಳಗೆ ಹೋದರು. ಆ ದೊಡ್ಡ ಹಾಲ್‌ನಲ್ಲಿ ಮಗಳು ಕೇಳಿದಳು, "ಅಪ್ಪಾ, ನಾವು ಯಾವ ಶಿಪ್‌ನಲ್ಲಿ ಬಂದ್ವಿ?" ನನ್ನ ಗಂಡ ನಿಯಮ ಮುರಿದು ಬಾಯಿ ಹಾಕಿದರು: "ನಮ್ಮದು ಎಚ್-1ಬಿ ಅನ್ನೋ ದೋಣಿ ಕಣಮ್ಮಾ, ಇನ್ನೂ ದಡ ಮುಟ್ಟಿಲ್ಲ." ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಬಂದು, ಇಲ್ಲೇ ಕಾಯಂ ಇರಲು ಬೇಕಾದ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರತಿಮೆಯ ದ್ವೀಪಕ್ಕೆ ಹೋಗುವಷ್ಟು ಹೊತ್ತು ನಿಲ್ಲಲು ಹಿರಿಯರಿಗೆ ಆಗುವುದಿಲ್ಲ ಅನ್ನಿಸಿದರೆ ಸ್ಟೇಟನ್ ಐಲೆಂಡ್ ಫೆರಿ ಹತ್ತಿ. ಸುಮಾರು 25 ನಿಮಿಷದ ದಾರಿ, ಪ್ರತಿಮೆ ದೂರದಿಂದ ಚೆನ್ನಾಗಿ ಕಾಣುತ್ತದೆ, ಕಾಸು ಕೊಡಬೇಕಿಲ್ಲ. ಹೊರಗೆ ಯಾರಾದರೂ ಆ ಫೆರಿಗೆ ಟಿಕೆಟ್ ಮಾರಲು ಬಂದರೆ ಕೈಮುಗಿದು ಮುಂದೆ ಹೋಗಿ.

ಟೈಮ್ಸ್ ಸ್ಕ್ವೇರ್ ಒಂದು ಜಾತ್ರೆ, ಸಂಜೆ ಅರ್ಧ ಗಂಟೆ ಸಾಕು. ಗೊಂಬೆ ವೇಷ ಹಾಕಿದವರು ಮಕ್ಕಳ ಹೆಗಲ ಮೇಲೆ ಕೈ ಹಾಕಿ ಫೋಟೋಗೆ ನಿಲ್ಲುತ್ತಾರೆ, ಆಮೇಲೆ ದುಡ್ಡು ಕೇಳುತ್ತಾರೆ. ಎಂಪೈರ್ ಸ್ಟೇಟ್ ಕಟ್ಟಡವೋ ಬೇರೆ ಯಾವುದೋ, ಎತ್ತರದ ಕಟ್ಟಡ ಒಂದು ಹತ್ತಿದರೆ ಸಾಕು. ಮೂರು ಕಡೆಯಿಂದ ಅದೇ ಊರು ನೋಡಲು ಆರು ಜನಕ್ಕೆ ಟಿಕೆಟ್ ಕೊಳ್ಳುವುದು ನನಗಂತೂ ದಂಡ ಅನ್ನಿಸುತ್ತದೆ. ಹಲವು ಜಾಗಗಳ ಜೋಡಿ ಪಾಸ್ ಕೂಡ ಹಾಗೆಯೇ. ಹಿರಿಯರ ಜೊತೆ ದಿನಕ್ಕೆ ಎರಡು ಜಾಗ ನೋಡಿದರೆ ಹೆಚ್ಚು, ಪಾಸ್‌ನ ದುಡ್ಡು ಹುಟ್ಟುವುದಿಲ್ಲ.

9/11 ಸ್ಮಾರಕದ ಬಗ್ಗೆ ಇಲ್ಲಿ ಕೆಲವರು ಕೇಳಿದ್ದರು, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ. ಹೊರಗಿನ ಎರಡು ಕೊಳಗಳಿಗೆ ಖಂಡಿತ ಹೋಗಬಹುದು, ಟಿಕೆಟ್ ಇಲ್ಲ. ಅಂಚಿನ ಕಂಚಿನ ಫಲಕದಲ್ಲಿ ಭಯೋತ್ಪಾದಕರ ದಾಳಿಗಳಲ್ಲಿ ಸತ್ತವರ 2,983 ಹೆಸರುಗಳಿವೆ. ಯಾರದಾದರೂ ಹುಟ್ಟುಹಬ್ಬ ಇದ್ದರೆ ಆ ಹೆಸರಿನ ಮೇಲೆ ಬಿಳಿ ಗುಲಾಬಿ ಇಡುತ್ತಾರೆ. ಭಾರತದವರ ಹೆಸರುಗಳೂ ಇವೆ. ಕೆಳಗಿನ ಮ್ಯೂಸಿಯಂಗೆ ಮಾತ್ರ ಮಗಳನ್ನು ಕರೆದುಕೊಂಡು ಹೋಗಲಿಲ್ಲ. ಅವಳಿಗೆ ಇನ್ನೂ ಚಿಕ್ಕ ವಯಸ್ಸು.

ಒಂದು ಬೆಳಿಗ್ಗೆಯನ್ನು ಫ್ಲಶಿಂಗ್ ಗಣೇಶನಿಗೆ ಇಡಿ. ಕ್ವೀನ್ಸ್‌ನ ಬೌನ್ ಸ್ಟ್ರೀಟ್‌ನಲ್ಲಿರುವ ಈ ದೇವಸ್ಥಾನ 1977ರಿಂದ ಇದೆ. ಕೆಳಗಿನ ಕ್ಯಾಂಟೀನ್‌ನಲ್ಲಿ ದೋಸೆ ತಿನ್ನಲೆಂದೇ ಬರುವ ಬಿಳಿಯರನ್ನು ನೋಡಿ ಅತ್ತೆಗೆ ದೇವರ ದರ್ಶನಕ್ಕಿಂತ ಜಾಸ್ತಿ ಖುಷಿಯಾಯಿತು ಅಂತ ನನ್ನ ಗುಮಾನಿ.

ಇನ್ನು ರೈಲು. ನ್ಯೂಯಾರ್ಕ್‌ನಿಂದ ವಾಷಿಂಗ್ಟನ್‌ಗೆ ಕಾರಿನಲ್ಲಿ ಹೋಗಬೇಡಿ, ಆಮ್‌ಟ್ರಾಕ್ ಹಿಡಿಯಿರಿ. ಸುಮಾರು ಮೂರೂವರೆ ಗಂಟೆ. 2ರಿಂದ 12 ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್, ಮುಂಚೆ ಬುಕ್ ಮಾಡಿದಷ್ಟೂ ಅಗ್ಗ. ನಮ್ಮ ಮಾವ ಅಂಚೆ ಇಲಾಖೆಯಲ್ಲಿ ನಿವೃತ್ತರಾದವರು. ರೈಲು ಹೊರಡುವ ಮೊಯ್ನಿಹಾನ್ ಹಾಲ್ ಇರುವುದು ಹಳೆಯ ದೊಡ್ಡ ಅಂಚೆ ಕಚೇರಿಯ ಕಟ್ಟಡದಲ್ಲಿ, 2021ರಲ್ಲಿ ಶುರುವಾಗಿದ್ದು. ಹಿಮ, ಮಳೆ, ಬಿಸಿಲು, ಕತ್ತಲು ಯಾವುದೂ ಅಂಚೆಯವರನ್ನು ತಡೆಯದು ಅನ್ನುವ ಅರ್ಥದ ಸಾಲನ್ನು ಅದರ ಮುಂಭಾಗದ ಕಂಬಗಳ ಮೇಲೆ ಕೆತ್ತಿದ್ದಾರೆ. ಮಗ ಅದನ್ನು ಹೇಳಿದಾಗ ಮಾವ ಒಂದು ನಿಮಿಷ ತಲೆಯೆತ್ತಿ ನೋಡಿದರು. "ಹಿಮ ನಮಗಿರಲಿಲ್ಲ. ನಾಯಿ ಬರೆದಿಲ್ಲವಾ?" ಅಂದರು.

ರೈಲಿನಲ್ಲಿ ಮಗ ಎರಡನೇ ಕಥೆ ತೆಗೆದ. ವಾಷಿಂಗ್ಟನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಹೋಪ್ ಡೈಮಂಡ್ ಎಂಬ ನೀಲಿ ವಜ್ರ ಇದೆ, 45.52 ಕ್ಯಾರೆಟ್. 1958ರಲ್ಲಿ ನ್ಯೂಯಾರ್ಕ್‌ನ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಅದನ್ನು ದಾನ ಕೊಟ್ಟಾಗ ಕಳಿಸಿದ್ದು ಮಾಮೂಲಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ. ಹತ್ತು ಲಕ್ಷ ಡಾಲರ್ ವಿಮೆ ಸೇರಿ ಖರ್ಚು 145.29 ಡಾಲರ್. ಅಂಚೆ ರೈಲಿನಲ್ಲಿ, ಇದೇ ಎರಡು ಊರಿನ ನಡುವೆ. ಮಾವ ಎದ್ದು ನೆಟ್ಟಗೆ ಕೂತರು. ರಿಜಿಸ್ಟರ್ಡ್ ಅಂದರೆ ಏನು, ಪ್ರತಿ ಕೈ ಬದಲಾದಾಗಲೂ ಯಾರು ಸಹಿ ಹಾಕಬೇಕು, ಅರಗಿನ ಮುದ್ರೆ ಎಲ್ಲಿ ಬೀಳಬೇಕು, ಎಲ್ಲ ಹೇಳತೊಡಗಿದರು. ಅಲ್ಲಿಂದ ಮಾತು ತಿಪಟೂರು ಕಡೆಯ ಹಳ್ಳಿಗಳಿಗೆ ಹೋಯಿತು. ಸೈಕಲ್ ಮೇಲೆ ಮನಿಯಾರ್ಡರ್ ಒಯ್ಯುತ್ತಿದ್ದದ್ದು, ಪಿಂಚಣಿ ದಿನ ಬಾಗಿಲಲ್ಲೇ ಕಾಯುತ್ತಿದ್ದ ಮುದುಕಿಯರು, ಓದಲು ಬಾರದವರಿಗೆ ಪತ್ರ ಓದಿ ಹೇಳುವಾಗ ಕೆಟ್ಟ ಸುದ್ದಿಯನ್ನು ಹೇಗೆ ಹೇಳುತ್ತಿದ್ದರು ಅನ್ನುವುದು. ಮದುವೆಯಾಗಿ ಇಷ್ಟು ವರ್ಷವಾದರೂ ನಾನೇ ಇದನ್ನು ಕೇಳಿರಲಿಲ್ಲ. ಮಗ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಿದ್ದ, ಕನ್ನಡದಲ್ಲಿ. ಫಿಲಡೆಲ್ಫಿಯಾ ಬಂದು ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ.

ಯೂನಿಯನ್ ಸ್ಟೇಷನ್‌ನಲ್ಲಿ ಇಳಿದರೆ ಪಕ್ಕದಲ್ಲೇ ಅಂಚೆ ಮ್ಯೂಸಿಯಂ. ವಜ್ರ ಬಂದ ಕಾಗದದ ಹೊದಿಕೆಯನ್ನು ಈಗಲೂ ಇಟ್ಟಿದ್ದಾರೆ. ಬೇರೆ ಯಾವ ಪ್ರವಾಸಿಯೂ ಅಲ್ಲಿ ಇಷ್ಟು ಹೊತ್ತು ನಿಂತಿರಲಿಕ್ಕಿಲ್ಲ. ನಿಮ್ಮ ಮನೆಯ ಹಿರಿಯರು ರೈಲ್ವೆಯವರೋ, ರೈತರೋ, ಮೇಷ್ಟರೋ, ಅದಕ್ಕೆ ಹೊಂದುವ ಒಂದು ಜಾಗ ಈ ಎರಡು ಊರಲ್ಲಿ ಎಲ್ಲೋ ಇದ್ದೇ ಇರುತ್ತದೆ. ಮೊದಲು ಅದನ್ನು ಹುಡುಕಿ, ಉಳಿದದ್ದು ಆಮೇಲೆ.

ಮಾರನೇ ದಿನ ವಜ್ರವನ್ನೂ ನೋಡಿದೆವು. ಕೊಲ್ಲೂರಿನ ಗಣಿಯದು ಅಂದಾಗ ಅತ್ತೆ ಕೈ ಮುಗಿದೇ ಬಿಟ್ಟರು. ಮೂಕಾಂಬಿಕೆಯ ಕೊಲ್ಲೂರಲ್ಲ ಅಜ್ಜಿ, ಆಂಧ್ರದಲ್ಲಿ ಕೃಷ್ಣಾ ನದಿ ದಂಡೆಯದು ಅಂತ ಮಗ ಸಮಾಧಾನ ಮಾಡಿದ.

ವಾಷಿಂಗ್ಟನ್‌ನಲ್ಲಿ ಸ್ಮಿತ್ಸೋನಿಯನ್ ಮ್ಯೂಸಿಯಂಗಳೆಲ್ಲ ಪುಕ್ಕಟೆ. ಅಮೆರಿಕಕ್ಕೆ ಕಾಲೇ ಇಡದ ಜೇಮ್ಸ್ ಸ್ಮಿತ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಬಿಟ್ಟುಹೋದ ಆಸ್ತಿಯಿಂದ 1846ರಲ್ಲಿ ಹುಟ್ಟಿದ ಸಂಸ್ಥೆ ಅದು. ವೀಲ್‌ಚೇರ್ ಕೇಳಿದರೆ ಅದೂ ಪುಕ್ಕಟೆ ಸಿಗುತ್ತದೆ. ಏರ್ ಅಂಡ್ ಸ್ಪೇಸ್ ಮ್ಯೂಸಿಯಂಗೆ ಮಾತ್ರ ಸಮಯದ ಪಾಸ್ ಮೊದಲೇ ಮಾಡಿಸಿ. ರೈಟ್ ಸಹೋದರರ 1903ರ ವಿಮಾನ ಮತ್ತು ಅಪೊಲೊ 11ರ ಕೊಲಂಬಿಯಾ, ಇವೆರಡು ಮಗಳ ಪಾಲಿಗೆ. ಅವಳ ವಿವರಣೆ ಎರಡೇ ವಾಕ್ಯ: "ಇದು ಫಸ್ಟ್ ವಿಮಾನ. ಇದರಲ್ಲಿ ಚಂದಮಾಮಂಗೆ ಹೋಗಿ ವಾಪಸ್ ಬಂದ್ರು." ಅದಕ್ಕಿಂತ ಹೆಚ್ಚೇನು ಬೇಕು? ಡಲಸ್ ಏರ್‌ಪೋರ್ಟ್ ಮೂಲಕ ಬರುವವರಾದರೆ ಪಕ್ಕದಲ್ಲಿ ಇದೇ ಮ್ಯೂಸಿಯಂನ ಇನ್ನೊಂದು ಶಾಖೆಯಾದ ಉಡ್ವಾರ್-ಹೇಜಿ ಸೆಂಟರ್‌ನಲ್ಲಿ ಡಿಸ್ಕವರಿ ಎಂಬ ಬಾಹ್ಯಾಕಾಶ ಶಟಲ್ ಇದೆ. ಪ್ರವೇಶ ಪುಕ್ಕಟೆ, ಪಾರ್ಕಿಂಗ್‌ಗೆ ಮಾತ್ರ ದುಡ್ಡು.

ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ನಿಂತು ಮಾತಾಡಿದ ಜಾಗದಲ್ಲಿ ಕಲ್ಲಿನ ಮೇಲೆ ಬರೆದಿದ್ದಾರೆ. ಕಿಂಗ್ ಬಗ್ಗೆ ಮಕ್ಕಳಿಗೆ ಶಾಲೆಯಲ್ಲಿ ಹೇಳಿರುತ್ತಾರೆ. ಅವರು ಗಾಂಧಿಯ ದಾರಿ ಅರಿಯಲು 1959ರಲ್ಲಿ ಭಾರತಕ್ಕೆ ಬಂದಿದ್ದು ಮಾತ್ರ ನನ್ನ ಮಗನಿಗೆ ಗೊತ್ತಿರಲಿಲ್ಲ, ಅದನ್ನು ತಾತ ಹೇಳಿದರು. ಮಸಾಚುಸೆಟ್ಸ್ ಅವೆನ್ಯೂನಲ್ಲಿ ನಮ್ಮ ರಾಯಭಾರ ಕಚೇರಿ ಎದುರು 2000ರಲ್ಲಿ ನಿಲ್ಲಿಸಿದ ಗಾಂಧಿ ಪ್ರತಿಮೆಯನ್ನೂ ಆಮೇಲೆ ನೋಡಿಕೊಂಡು ಬಂದೆವು. ಈ ಸ್ಮಾರಕ, ಮ್ಯೂಸಿಯಂಗಳ ನಡುವಿನ ನ್ಯಾಷನಲ್ ಮಾಲ್ ಎಂಬ ಉದ್ದದ ಬಯಲು ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು ಮೂರು ಕಿಲೋಮೀಟರ್, ಪೂರ್ತಿ ನಡೆಸಬೇಡಿ. ಜುಲೈ ಸೆಕೆಯಲ್ಲಿ ಮಂಗಳೂರಿನವರೂ ಸೋಲುತ್ತಾರೆ.

ವಾಪಸ್ ಬಂದ ಮೇಲೆ ಮಕ್ಕಳು ಅಚ್ಚ ಕನ್ನಡದಲ್ಲಿ ಮಾತಾಡುತ್ತಿದ್ದಾರಾ ಅಂದರೆ, ಇಲ್ಲ. ನಮ್ಮ ಜೊತೆ ಮತ್ತೆ ಇಂಗ್ಲಿಷೇ. ಆದರೆ ಶನಿವಾರದ ವೀಡಿಯೋ ಕಾಲ್‌ನಲ್ಲಿ ಮಗ ಫೋನ್ ಕಿತ್ತುಕೊಂಡು ರೂಮಿಗೆ ಹೋಗುತ್ತಾನೆ. ತಾತನ ಹತ್ತಿರ ಹಳೆಯ ಅಂಚೆಚೀಟಿಗಳ ಬಗ್ಗೆ ಅದೇನೋ ವ್ಯವಹಾರ ನಡೆದಿದೆ, ನಮಗೆ ಹೇಳುವುದಿಲ್ಲ.

ಮುಂದಿನ ಏಪ್ರಿಲ್‌ಗೆ ನನ್ನ ಅಪ್ಪ ಅಮ್ಮ ಬರುತ್ತಿದ್ದಾರೆ. ವಾಷಿಂಗ್ಟನ್‌ನ ಟೈಡಲ್ ಬೇಸಿನ್ ಕೊಳದ ಸುತ್ತ ಚೆರ್ರಿ ಹೂ ಬಿಡುವ ವೇಳೆಗೆ ಹೋಗೋಣ ಅಂತಿದೆ. ಆ ಜನಜಂಗುಳಿಯಲ್ಲಿ ವೀಲ್‌ಚೇರ್ ತಳ್ಳಿಕೊಂಡು ಹೋದವರು ಇಲ್ಲಿ ಯಾರಾದರೂ ಇದ್ದೀರಾ? ಯಾವ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದಿರಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗಿದ್ದಿರಿ ಅಂತ ಹೇಳಿ. ನನ್ನ ಅಪ್ಪ ಹೈಸ್ಕೂಲ್‌ನಲ್ಲಿ ಗಣಿತದ ಮೇಷ್ಟರಾಗಿದ್ದವರು. ಅವರಿಗೆ ಹೊಂದುವ ಜಾಗ ಎರಡೂ ಊರಲ್ಲಿ ಯಾವುದಿದೆ ಅಂತಲೂ ತಿಳಿಸಿ, ಈ ಸಲ ಮಗಳು ಓದಿಕೊಳ್ಳಬೇಕು.